ಚಕ್ರದ ಮೇಲಿನ ಮನೆಗೆ ಬಿಸಿಲಿನ ಕರೆಂಟು

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ವ್ಯಾನಿನಲ್ಲೇ ವಾಸ ಮಾಡಲು ಹೊರಟವರು ಸೋಲಾರ್ ಮತ್ತು ಬ್ಯಾಟರಿ ಬಗ್ಗೆ ಕಳುಹಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದೆಂದು ಕೇಳಿದವರೇ ಹೆಚ್ಚು. ವಯರು ಎಷ್ಟು ದಪ್ಪ ಬೇಕೆಂದು ಕೇಳಿದವರು ಒಬ್ಬರೂ ಇಲ್ಲ. ನಮ್ಮ ಕರಾವಳಿಯಲ್ಲಿ ಪ್ಯಾನೆಲ್ ಕೆಡುವುದು ಅಪರೂಪ, ಕೈಕೊಡುವುದು ವಯರು, ಲಗ್ಗು (ವಯರಿನ ತುದಿಗೆ ಒತ್ತುವ ಲೋಹದ ಕಿವಿ), ಫ್ಯೂಸು. ಆದ್ದರಿಂದ ಕೇಳದಿದ್ದರೂ ಆ ಮಾತು ಅಲ್ಲಲ್ಲಿ ಬರುತ್ತದೆ.

ಹಳೆಯ ಟೆಂಪೋ ಟ್ರಾವೆಲರ್ ತೆಗೆದುಕೊಂಡು ಒಳಗೆ ಮಂಚ, ಅಡಿಗೆ ಕಟ್ಟೆ ಮಾಡಿಸಿದ್ದೇವೆ. ಗಂಡ ಹೆಂಡತಿ ಇಬ್ಬರೇ. 40 ಲೀಟರಿನ 12 ವೋಲ್ಟ್ ಫ್ರಿಜ್, ಎರಡು ಫ್ಯಾನ್, ಲೈಟು, ಲ್ಯಾಪ್‌ಟಾಪ್, ನೀರಿನ ಸಣ್ಣ ಪಂಪು, ದಿನಕ್ಕೊಮ್ಮೆ ಮಿಕ್ಸಿ. ಎಷ್ಟು ವ್ಯಾಟಿನ ಪ್ಯಾನೆಲ್, ಎಷ್ಟು ಬ್ಯಾಟರಿ ಬೇಕು? ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ.
— ಕಾಪುವಿನ ಓದುಗರು

ಅಂಗಡಿಗೆ ಹೋಗುವ ಮೊದಲು ಮೆಸ್ಕಾಂ ಕರೆಂಟು ಬಿಲ್ಲಿನ ಹಾಗೆ ಯೂನಿಟ್ ಲೆಕ್ಕ ಮಾಡಿ. 1000 ವ್ಯಾಟ್-ಅವರ್ ಅಂದರೆ ಒಂದು ಯೂನಿಟ್.

ನಿಮ್ಮ ಪಟ್ಟಿಯಲ್ಲಿ ದೊಡ್ಡ ಹೊಟ್ಟೆ ಫ್ರಿಜ್ಜಿನದು. ಕಂಪ್ರೆಸರ್ ಓಡುವಾಗ 45 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ತಂಪು ಊರಿನಲ್ಲಿ ಅದು ಗಂಟೆಗೆ 20 ನಿಮಿಷ ಓಡಿದರೆ ಸಾಕು, ಆದರೆ ಏಪ್ರಿಲ್ ಸೆಕೆಯಲ್ಲಿ ಕಾಪು ಕಡಲತೀರದಲ್ಲಿ ನಿಂತ ಗಾಡಿಯೊಳಗೆ ಅರ್ಧ ಹೊತ್ತು ಓಡಿಯೇ ಓಡುತ್ತದೆ. ಅಲ್ಲಿಗೆ ದಿನಕ್ಕೆ 540 ವ್ಯಾಟ್-ಅವರ್. 15 ವ್ಯಾಟಿನ ಎರಡು ಫ್ಯಾನು ಹತ್ತು ಗಂಟೆಗೆ 300. ಲ್ಯಾಪ್‌ಟಾಪ್ ನಾಲ್ಕು ಗಂಟೆಗೆ 200. ಎಲ್‌ಇಡಿ ಲೈಟುಗಳಿಗೆ 80. ಎರಡು ಮೊಬೈಲು, ವೈಫೈ ರೂಟರ್ ಸೇರಿ 100. ಮಿಕ್ಸಿ 500 ವ್ಯಾಟಿನದ್ದಾದರೂ ಆರು ನಿಮಿಷಕ್ಕೆ 50 ಮಾತ್ರ. ಪಂಪಿನದು 15. ಒಟ್ಟು 1285. ಇನ್ವರ್ಟರ್ ಮತ್ತು ವಯರಿನಲ್ಲಿ ಕಳೆದುಹೋಗುವುದಕ್ಕೆ ನೂರಕ್ಕೆ ಹದಿನೈದು ಸೇರಿಸಿದರೆ ಸುಮಾರು ಒಂದೂವರೆ ಯೂನಿಟ್.

ಬ್ಯಾಟರಿ: ಲಿಥಿಯಂ ಐರನ್ ಫಾಸ್ಫೇಟ್ (ಮುಂದೆ ಬರೇ ಲಿಥಿಯಂ ಎಂದರೂ ಇದೇ), 12.8 ವೋಲ್ಟ್, 200 ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ ಅದರಲ್ಲಿ 2560 ವ್ಯಾಟ್-ಅವರ್ ಹಿಡಿಯುತ್ತದೆ. ನೂರಕ್ಕೆ 85ರಷ್ಟು ಬಳಸಿದರೆ 2170, ಅಂದರೆ ಬಿಸಿಲೇ ಇಲ್ಲದೆ ಸರಿಸುಮಾರು ಒಂದೂವರೆ ದಿನ.

ಪ್ಯಾನೆಲ್: ನವೆಂಬರಿನಿಂದ ಮೇ ತಿಂಗಳವರೆಗೆ ಇಲ್ಲಿ ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಸಿಗುತ್ತದೆಂದು ಲೆಕ್ಕ ಹಿಡಿಯಬಹುದು. ಹಾಗೆಂದು 100 ವ್ಯಾಟಿನ ಪ್ಯಾನೆಲ್ 500 ಕೊಡುವುದಿಲ್ಲ. ಪ್ಯಾನೆಲಿನ ವ್ಯಾಟ್ ಅಳೆಯುವುದು 25 ಡಿಗ್ರಿ ಶಾಖದಲ್ಲಿ. ಗಾಡಿಯ ಮಾಡಿನ (ಚಾವಣಿಯ) ಮೇಲೆ ಅದು 65 ಡಿಗ್ರಿಗೆ ಏರುತ್ತದೆ, ಡಿಗ್ರಿಗೆ 0.35 ಶೇಕಡಾ ಲೆಕ್ಕದಲ್ಲಿ ಅಷ್ಟಕ್ಕೇ 14 ಶೇಕಡಾ ಹೋಯಿತು. ಧೂಳು, ಉಪ್ಪಿನ ಪೊರೆ, ವಯರು, ಕಂಟ್ರೋಲರ್ (ಪ್ಯಾನೆಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಪೆಟ್ಟಿಗೆ) ಎಲ್ಲ ತಮ್ಮ ತಮ್ಮ ಪಾಲು ತೆಗೆದುಕೊಂಡು ಉಳಿಯುವುದು ನೂರಕ್ಕೆ 70. ಒಂದು ವ್ಯಾಟಿಗೆ ದಿನಕ್ಕೆ ಮೂರೂವರೆ ವ್ಯಾಟ್-ಅವರ್ ಎಂದಾಯಿತು. 1500ನ್ನು ಮೂರೂವರೆಯಿಂದ ಭಾಗಿಸಿದರೆ 430 ವ್ಯಾಟ್. ಮಾಡಿನ ಮೇಲೆ ಎಷ್ಟು ಜಾಗ ಉಂಟೆಂದು ಟೇಪು ಹಿಡಿದು ಅಳೆದು, ಅದಕ್ಕೆ ಹೊಂದುವ ಎರಡು ಅಥವಾ ನಾಲ್ಕು ಪ್ಯಾನೆಲ್ ಆರಿಸಿ. ವಾಲಿಸಿ ಇಡುವ ಸ್ಟ್ಯಾಂಡ್ ಬೇಡ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಡಿಸೆಂಬರಿನಲ್ಲೂ ಮಧ್ಯಾಹ್ನ ಐವತ್ತು ಡಿಗ್ರಿಗಿಂತ ಮೇಲೆ. ಮಟ್ಟಸವಾಗಿ ಮಲಗಿಸಿದರೆ ಸಾಕು.

ಇದು ಬೇಸಿಗೆಯ ಲೆಕ್ಕ. ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಬಿಡದೆ ಸುರಿಯುವ ದಿನ ಇದೇ 430 ವ್ಯಾಟಿನಿಂದ 500ರಿಂದ 600 ವ್ಯಾಟ್-ಅವರ್ ಬಂದರೆ ಪುಣ್ಯ. ಅದು ಫ್ರಿಜ್ಜಿಗೆ ಸಾಕು, ಉಳಿದದ್ದಕ್ಕೆ ಇಲ್ಲ. ಆ ಕೊರತೆಗೆ ಇನ್ನೆರಡು ಪ್ಯಾನೆಲ್ ಏರಿಸುವುದು ದುಡ್ಡು ದಂಡ, ಮೋಡ ಎಲ್ಲ ಪ್ಯಾನೆಲಿಗೂ ಒಂದೇ. ಮಳೆಗಾಲದ ದಾರಿ ಇಂಜಿನ್ನಿನಿಂದ ಅಥವಾ ಮನೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವುದು. ಆ ವಿಚಾರ ಮುಂದಿನ ಉತ್ತರಗಳಲ್ಲಿ ಉಂಟು.

ಮನೆ ಮಾಡಿಗೆ ಹಾಕುವ 540 ವ್ಯಾಟಿನ ದೊಡ್ಡ ಪ್ಯಾನೆಲ್ ಒಂದನ್ನು ವ್ಯಾನಿಗೆ ಹಾಕಿಸಿದೆ. ಜೊತೆಗೆ ಕಡಿಮೆ ಬೆಲೆಯ 30 ಆಂಪಿಯರ್ ಪಿಡಬ್ಲ್ಯುಎಂ ಕಂಟ್ರೋಲರ್. ನಡು ಮಧ್ಯಾಹ್ನವೂ 13 ಆಂಪಿಯರ್ ದಾಟುವುದಿಲ್ಲ. ಪ್ಯಾನೆಲ್ ಡೂಪ್ಲಿಕೇಟಾ?
— ಸುರತ್ಕಲ್‌ನ ಓದುಗರು

ಪ್ಯಾನೆಲ್ ಸಾಚಾ, ಜೋಡಿ ತಪ್ಪು. 540 ವ್ಯಾಟಿನ ಪ್ಯಾನೆಲ್ ಕೆಲಸ ಮಾಡುವುದು ಸುಮಾರು 41 ವೋಲ್ಟಿನಲ್ಲಿ, 13 ಆಂಪಿಯರ್ ಕೊಡುತ್ತಾ. ಪಿಡಬ್ಲ್ಯುಎಂ ಎಂದರೆ ಬರೇ ಸ್ವಿಚ್ಚು. ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಕಟ್ಟಿಹಾಕುತ್ತದೆ. ಆಗ ಪ್ಯಾನೆಲಿನ ವೋಲ್ಟೇಜು ಬ್ಯಾಟರಿಯ 13 ವೋಲ್ಟಿಗೆ ಇಳಿಯುತ್ತದೆ, ಆಂಪಿಯರ್ ಮಾತ್ರ ಅಷ್ಟೇ ಇರುತ್ತದೆ. 13 ವೋಲ್ಟ್, 13 ಆಂಪಿಯರ್: 170 ವ್ಯಾಟ್. ಮೂರರಲ್ಲಿ ಎರಡು ಪಾಲು ಮಾಡಿನ ಮೇಲೆ ಬಿಸಿಯಾಗಿಯೇ ಮುಗಿಯಿತು. ಎಂಪಿಪಿಟಿ ಕಂಟ್ರೋಲರ್ ಆದರೆ ಹೆಚ್ಚಿನ ವೋಲ್ಟೇಜನ್ನು ಇಳಿಸಿ ಅದಕ್ಕೆ ತಕ್ಕಷ್ಟು ಆಂಪಿಯರ್ ಏರಿಸುತ್ತದೆ, ಒಳ್ಳೆಯ ಬಿಸಿಲಿಗೆ 30 ಆಂಪಿಯರ್ ಮೇಲೆ ಕಾಣುತ್ತೀರಿ.

ಇನ್ನೊಂದು ಅಪಾಯವನ್ನು ನೀವು ಗಮನಿಸಿಲ್ಲ. ಇಂಥ ಪ್ಯಾನೆಲಿನ ಓಪನ್ ಸರ್ಕ್ಯೂಟ್ ವೋಲ್ಟೇಜು (ಏನನ್ನೂ ಓಡಿಸದೆ ಇರುವಾಗಿನ ವೋಲ್ಟೇಜು) 49-50ರ ಆಸುಪಾಸು. ಸಾಮಾನ್ಯ ಪಿಡಬ್ಲ್ಯುಎಂ ಕಂಟ್ರೋಲರುಗಳ ತಾಳಿಕೆ 50 ವೋಲ್ಟ್. ಪ್ಯಾನೆಲ್ ತಂಪಾದಷ್ಟೂ ವೋಲ್ಟೇಜು ಏರುತ್ತದೆ. ಡಿಸೆಂಬರಿನಲ್ಲಿ ಗಾಡಿ ಕುದುರೆಮುಖದ ಕಡೆ ಹೋಗಿ ಬೆಳಗ್ಗಿನ ಚಳಿಗೆ ಮೊದಲ ಬಿಸಿಲು ಬಿದ್ದ ಕೂಡಲೇ ಕಂಟ್ರೋಲರ್ ಸುಟ್ಟು ಹೋಗಬಹುದು. 100 ವೋಲ್ಟ್, 40 ಆಂಪಿಯರಿನ ಎಂಪಿಪಿಟಿ ತೆಗೆದುಕೊಳ್ಳಿ. ಸೆಟ್ಟಿಂಗಿನಲ್ಲಿ ಲಿಥಿಯಂ ಆರಿಸಿ, ಚಾರ್ಜಿಂಗ್ 14.2ರಿಂದ 14.4 ವೋಲ್ಟ್, ಫ್ಲೋಟ್ 13.5. ಈಕ್ವಲೈಸ್ ಮತ್ತು ಟೆಂಪರೇಚರ್ ಕಾಂಪನ್ಸೇಷನ್ ಎರಡನ್ನೂ ಬಂದ್ ಮಾಡಿ, ಅವು ಲೆಡ್ ಆಸಿಡ್ ಬ್ಯಾಟರಿಗೆ ಮಾತ್ರ.

ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, 28 ಕಿಲೋ ತೂಕದ್ದು. ನಾಲ್ಕು ಮೂಲೆಗೆ ಮಾತ್ರ ಹಿಡಿದಿದ್ದರೆ ನಡುವೆ ಇನ್ನೆರಡು ಕಡೆ ಆಧಾರ ಕೊಡಿಸಿ. ಇಲ್ಲದಿದ್ದರೆ ಹೆದ್ದಾರಿಯ ಗಾಳಿಗೆ ಗಾಜು ಕುಲುಕಿ ಸೆಲ್ಲುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ.

ರಾತ್ರಿ ಎರಡು ಮೂರು ಗಂಟೆಗೆ ಫ್ರಿಜ್ ತಾನಾಗಿ ಆಫ್ ಆಗ್ತದೆ, ಬೆಳಗ್ಗೆ ಮೀನೆಲ್ಲ ನೀರು ಬಿಟ್ಟಿರ್ತದೆ. ಬ್ಯಾಟರಿ ಮೀಟರಿನಲ್ಲಿ 13.1 ವೋಲ್ಟ್ ತೋರಿಸ್ತದೆ. ಬ್ಯಾಟರಿ ಫುಲ್ ಇರುವಾಗ ಫ್ರಿಜ್ ಯಾಕೆ ನಿಲ್ಲಬೇಕು? ಅಂಗಡಿಯವರು ಫ್ರಿಜ್ ಬದಲಿಸಿ ಕೊಟ್ಟರೂ ಅದೇ ಕಥೆ.
— ಮಲ್ಪೆಯ ಓದುಗರು

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಲಿಥಿಯಂ ಬ್ಯಾಟರಿಯಲ್ಲಿ 13.1 ಎಂದರೆ ಫುಲ್ ಅಲ್ಲ, ಅರ್ಧದ ಹತ್ತಿರ. ಮುಕ್ಕಾಲು ತುಂಬಿದಾಗಲೂ ಅರ್ಧ ಇದ್ದಾಗಲೂ ವೋಲ್ಟೇಜಿನಲ್ಲಿ ವ್ಯತ್ಯಾಸ 0.1, 0.2 ವೋಲ್ಟ್ ಅಷ್ಟೇ. ಎಷ್ಟು ಉಳಿದಿದೆ ಎಂದು ತಿಳಿಯಲು ಶಂಟ್ (ಹಾದುಹೋಗುವ ಆಂಪಿಯರ್ ಅಳೆಯುವ ಲೋಹದ ಪಟ್ಟಿ) ಇರುವ ಮೀಟರ್ ಬೇಕು. ಅದನ್ನು ಬ್ಯಾಟರಿಯ ನೆಗೆಟಿವ್ ಕಡೆ ಹಾಕಿ, ಬಾಕಿ ಎಲ್ಲ ನೆಗೆಟಿವ್ ವಯರುಗಳನ್ನೂ ಶಂಟಿನ ಆಚೆ ಬದಿಗೇ ಕಟ್ಟಬೇಕು. ಇನ್ವರ್ಟರಿನ ನೆಗೆಟಿವನ್ನು ನೇರ ಬ್ಯಾಟರಿಗೆ ಕೊಟ್ಟರೆ ಇನ್ವರ್ಟರ್ ತಿಂದದ್ದು ಲೆಕ್ಕಕ್ಕೇ ಬರುವುದಿಲ್ಲ.

ಆದರೂ ಅರ್ಧ ಬ್ಯಾಟರಿಯಲ್ಲಿ ಫ್ರಿಜ್ ನಿಲ್ಲಬಾರದು. ಕಳ್ಳ ಇರುವುದು ವಯರಿನಲ್ಲಿ. ಹೀಗೆ ಪರೀಕ್ಷಿಸಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಫ್ರಿಜ್ಜಿನ ಥರ್ಮೋಸ್ಟಾಟ್ ಪೂರ್ತಿ ಇಳಿಸಿ, ಕಂಪ್ರೆಸರ್ ಗುರ್ ಎನ್ನುವವರೆಗೆ ಕಾಯಿರಿ. ಅದು ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಮೇಲೆ ಒಮ್ಮೆ, ಫ್ರಿಜ್ಜಿನ ಹಿಂದೆ ವಯರು ಸೇರುವಲ್ಲಿ ಒಮ್ಮೆ ಅಳೆಯಿರಿ. ವ್ಯತ್ಯಾಸ 0.3 ವೋಲ್ಟಿಗಿಂತ ಹೆಚ್ಚಿದ್ದರೆ ವಯರು ಸಣ್ಣದಾಯಿತು. ಕಂಪ್ರೆಸರ್ ನಿಂತಿರುವಾಗ ಅಳೆದರೆ ಎರಡೂ ಕಡೆ ಒಂದೇ ತೋರಿಸುತ್ತದೆ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ.

ನೀವು ಕಳಿಸಿದ ಚಿತ್ರದಲ್ಲಿ ಕಾಣುವುದು ಮನೆಯ ಲೈಟ್ ಪಾಯಿಂಟಿಗೆ ಎಳೆಯುವ 1 ಸ್ಕ್ವೇರ್ ಎಂಎಂ ವಯರು, ತುದಿಯಲ್ಲಿ ಸಿಗರೇಟ್ ಲೈಟರ್ ಸಾಕೆಟ್. ಬ್ಯಾಟರಿಯಿಂದ ಫ್ರಿಜ್ಜಿಗೆ 5 ಮೀಟರ್ ಎಂದಿದ್ದೀರಿ, ಹೋಗಿ ಬರುವ ದಾರಿ 10 ಮೀಟರ್. ಆ ವಯರಿನ ರೆಸಿಸ್ಟೆನ್ಸು 0.175 ಓಮ್. ಕಂಪ್ರೆಸರ್ ಎದ್ದೇಳುವ ಕ್ಷಣಕ್ಕೆ 10 ಆಂಪಿಯರ್ ಎಳೆದರೆ ವಯರಿನಲ್ಲೇ 1.75 ವೋಲ್ಟ್ ಹೋಯಿತು. ಲೈಟರ್ ಸಾಕೆಟ್ಟಿನ ಸ್ಪ್ರಿಂಗು ಉಪ್ಪು ಗಾಳಿಗೆ ಕಪ್ಪಾಗಿದ್ದರೆ ಇನ್ನೊಂದು 0.3. ಬ್ಯಾಟರಿಯಲ್ಲಿ 13.1 ಇದ್ದರೂ ಫ್ರಿಜ್ಜಿಗೆ ಮುಟ್ಟುವುದು 11.05. ಇಂಥ ಫ್ರಿಜ್ಜುಗಳಲ್ಲಿ ಬ್ಯಾಟರಿ ಕಾಯುವ ಸೆಟ್ಟಿಂಗ್ ಹೈ, ಮೀಡಿಯಂ, ಲೋ ಎಂದು ಇರುತ್ತದೆ. ಹೈನಲ್ಲಿ ಇಟ್ಟರೆ 11ರ ಮೇಲೆಯೇ ಕಟ್ ಮಾಡುತ್ತದೆ. ಹಗಲು ಪ್ಯಾನೆಲಿನಿಂದ ವೋಲ್ಟೇಜು 13.8 ಇರುವುದರಿಂದ ತೊಂದರೆ ಕಾಣಲಿಲ್ಲ, ರಾತ್ರಿ ಕಂಡಿತು. ಪಾಪ, ಫ್ರಿಜ್ಜಿನ ತಪ್ಪು ಏನೂ ಇಲ್ಲ.

4 ಸ್ಕ್ವೇರ್ ಎಂಎಂನ ಎಳೆ ಎಳೆಯಾದ ತಾಮ್ರದ ವಯರನ್ನು 15 ಆಂಪಿಯರ್ ಫ್ಯೂಸಿನೊಂದಿಗೆ ನೇರ ಎಳೆಯಿರಿ. ಲೈಟರ್ ಸಾಕೆಟ್ ಬೇಡವೇ ಬೇಡ, ಸ್ಕ್ರೂ ಬಿಗಿಯುವ ಕನೆಕ್ಟರ್ ಹಾಕಿ. ಇಳಿಕೆ 0.45 ವೋಲ್ಟಿನೊಳಗೆ ನಿಲ್ಲುತ್ತದೆ, ಅದೂ ಎದ್ದೇಳುವ ಕ್ಷಣಕ್ಕೆ ಮಾತ್ರ. ಸೆಟ್ಟಿಂಗನ್ನು ಲೋಗೆ ಇಡಿ, ಲಿಥಿಯಂನ ಒಳಗಿರುವ ಕಾವಲು ಸರ್ಕ್ಯೂಟ್ (ಬಿಎಂಎಸ್) ಬ್ಯಾಟರಿಯನ್ನು ಕಾಯುತ್ತದೆ. ವಯರು ತವರದ ಲೇಪ ಇರುವುದೇ ಆಗಲಿ. ಬೋಟುಗಳಿಗೆ ಹಾಕುವ ವಯರು ಎಂದು ಕೇಳಿ, ನಿಮ್ಮ ಊರಲ್ಲೇ ವಿಚಾರಿಸಬಹುದು. ಬರೀ ತಾಮ್ರ ಕಡಲ ಗಾಳಿಗೆ ರಬ್ಬರಿನ ಒಳಗೊಳಗೇ ಹಸಿರು ಕಟ್ಟುತ್ತದೆ. ತುದಿ ಕತ್ತರಿಸಿ ನೋಡಿದರೆ ಒಂದು ಅಂಗುಲ ಒಳಗಿನವರೆಗೂ ಕಪ್ಪಾಗಿರುವುದು ಕಾಣುತ್ತದೆ. ಅಂಥದಕ್ಕೆ ಹೊಸ ಲಗ್ ಒತ್ತಿದರೂ ಹಿಡಿಯುವುದಿಲ್ಲ.

ಗಾಡಿಯ ಬ್ಯಾಟರಿಗೂ ಲಿಥಿಯಂ ಬ್ಯಾಟರಿಗೂ ನಡುವೆ ಒಂದು ರಿಲೇ ಹಾಕಿದರೆ ಓಡುವಾಗ ಚಾರ್ಜ್ ಆಗುವುದಿಲ್ಲವೇ? ಡಿಸಿ-ಡಿಸಿ ಚಾರ್ಜರ್ ತುಂಬಾ ದುಬಾರಿ. ಗಾಡಿ ಬಿಎಸ್6.
— ಮಣಿಪಾಲದ ಓದುಗರು

ಆಗುತ್ತದೆ, ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ) ಸುಡುವವರೆಗೆ. ಖಾಲಿಯಾದ ಲಿಥಿಯಂ ಬ್ಯಾಟರಿ ಕೊಟ್ಟಷ್ಟೂ ಎಳೆದುಕೊಳ್ಳುತ್ತದೆ, ಲೆಡ್ ಆಸಿಡ್ಡಿನಂತೆ ತಾನಾಗಿ ಸಾಕೆನ್ನುವುದಿಲ್ಲ. ಟ್ರಾಫಿಕ್ಕಿನಲ್ಲಿ ನಿಂತು ಇಂಜಿನ್ ಐಡಲ್ ಇರುವಾಗ ಆಲ್ಟರ್ನೇಟರಿನ ಫ್ಯಾನು ನಿಧಾನ, ಎಳೆತ ಮಾತ್ರ ಪೂರ್ತಿ. ಅದರ ಮೇಲೆ ಹಲವು ಬಿಎಸ್6 ಗಾಡಿಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಇಂಜಿನ್ನಿನ ಕಂಪ್ಯೂಟರೇ ಏರಿಸಿ ಇಳಿಸಿ ಮಾಡುತ್ತದೆ. ಇಳಿಸಿದಾಗ ರಿಲೇ ಮೂಲಕ ಏನೂ ಹೋಗದು, ಕೆಲವೊಮ್ಮೆ ಲಿಥಿಯಂನಿಂದಲೇ ಗಾಡಿಯ ಕಡೆ ಹರಿಯುತ್ತದೆ.

30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿ. ರಿಲೇ ಬರೇ ಸ್ವಿಚ್ಚು, ಇದು ಎಳೆತಕ್ಕೆ ಮಿತಿ ಹಾಕಿ ವೋಲ್ಟೇಜನ್ನು ಲಿಥಿಯಂಗೆ ತಕ್ಕಂತೆ ಮಾಡಿ ಕೊಡುತ್ತದೆ. ಮಂಗಳೂರಿನಿಂದ ಉಡುಪಿಗೆ ಒಂದೂಕಾಲು ಗಂಟೆ ಹಿಡಿದರೆ ಸುಮಾರು 37 ಆಂಪಿಯರ್-ಅವರ್, ಅಂದರೆ ಅರ್ಧ ಯೂನಿಟ್ ತುಂಬುತ್ತದೆ. ಮಳೆಗಾಲದ ಕೊರತೆ ನೀಗುವುದು ಹೀಗೆ. 16 ಸ್ಕ್ವೇರ್ ಎಂಎಂ ವಯರು, ಎರಡೂ ಬ್ಯಾಟರಿಗಳ ಹತ್ತಿರ ಒಂದೊಂದು 50 ಆಂಪಿಯರ್ ಫ್ಯೂಸು. ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಒಂದು ಫ್ಯೂಸು ಸಾಲದು, ನಡುವೆ ಎಲ್ಲಾದರೂ ವಯರು ಗಾಡಿಯ ತಗಡಿಗೆ ಉಜ್ಜಿದರೆ ಎರಡು ಕಡೆಯಿಂದಲೂ ಬೆಂಕಿ. ಚಾರ್ಜರಿಗೆ ಇಗ್ನಿಷನ್ ವಯರು ಕೊಡುವುದು ಮರೆಯಬೇಡಿ. ಮರೆತರೆ ಗಾಡಿ ನಿಂತ ಮೇಲೂ ಸ್ಟಾರ್ಟಿಂಗ್ ಬ್ಯಾಟರಿಯನ್ನು ಹೀರುತ್ತಾ ಇರಬಹುದು. ಚಾರ್ಜ್ ಆಗಲೆಂದೇ ನಿಂತಲ್ಲಿ ಗಂಟೆಗಟ್ಟಲೆ ಇಂಜಿನ್ ಓಡಿಸುವುದೂ ಬೇಡ.

ಮನೆಯಲ್ಲಿ ಇನ್ವರ್ಟರಿನ 150 ಆಂಪಿಯರ್ ಟ್ಯೂಬುಲಾರ್ ಬ್ಯಾಟರಿ ಸುಮ್ಮನೆ ಉಂಟು. ವ್ಯಾನಿಗೆ ಅದೇ ಸಾಕಲ್ಲ?
— ಪುತ್ತೂರಿನ ಓದುಗರು

ಬೇಡ. ಐವತ್ತು ಕಿಲೋ ದಾಟುವ ಭಾರ, ಅದರಲ್ಲಿ ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಅರ್ಧ, ಅಂದರೆ 900 ವ್ಯಾಟ್-ಅವರ್. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ನೀವು ಅದರ ಮೇಲಿನ ಮಂಚದಲ್ಲೇ ಮಲಗುವವರು. ಚಾರ್ಮಾಡಿಯ ತಿರುವುಗಳಲ್ಲಿ ಆಸಿಡ್ ತುಳುಕುತ್ತದೆ. ಮೋಡದ ದಿನಗಳಲ್ಲಿ ಅರೆಬರೆ ಚಾರ್ಜಿನಲ್ಲೇ ಉಳಿದರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಸಾಯುತ್ತದೆ. ಲಿಥಿಯಂ ಜೊತೆ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸುವ ಯೋಚನೆಯೂ ಬೇಡ. ಮನೆಯ ಇನ್ವರ್ಟರನ್ನೂ ಗಾಡಿಗೆ ತರಬೇಡಿ, ಕೆಲವು ಏನೂ ಓಡಿಸದೆ ಬರೇ ಆನ್ ಇದ್ದರೂ 15-20 ವ್ಯಾಟ್ ತಿನ್ನುತ್ತವೆ. ದಿನಕ್ಕೆ 400 ವ್ಯಾಟ್-ಅವರ್ ಆಯಿತು, ಹೆಚ್ಚುಕಡಿಮೆ ಒಂದು ಫ್ರಿಜ್ಜಿನಷ್ಟು!

ಕಡಿಮೆ ಬೆಲೆಗೆ 100 ಆಂಪಿಯರ್ ಲಿಥಿಯಂ ಬ್ಯಾಟರಿ ಸಿಕ್ಕಿದೆ. ನಿಜಕ್ಕೂ 100 ಉಂಟೋ ಎಂದು ತಿಳಿಯುವುದು ಹೇಗೆ?
— ಬೆಳ್ತಂಗಡಿಯ ಓದುಗರು

ಪೂರ್ತಿ ಚಾರ್ಜ್ ಮಾಡಿ. 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು ಜೋಡಿಸಿ, ಗಾಳಿಯಾಡುವಲ್ಲಿ ಇಟ್ಟಿಗೆಯ ಮೇಲೆ ಇಡಿ, ತುಂಬ ಬಿಸಿಯಾಗುತ್ತವೆ. ಡಿಸಿ ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ ಬರೆದುಕೊಳ್ಳಿ, 10ರ ಹತ್ತಿರ ಬರುತ್ತದೆ. ಬಲ್ಬು ಆರುವವರೆಗಿನ ಗಂಟೆಯಿಂದ ಗುಣಿಸಿ. ಆರೇಳು ಗಂಟೆಗೆ ಆರಿದರೆ ಹಳೆಯ ಸೆಲ್ಲಿಗೆ ಹೊಸ ಅಂಗಿ ತೊಡಿಸಿದ್ದಾರೆ ಎಂದೇ ಅರ್ಥ. ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಆಗಲಿ.

ಪ್ಯಾನೆಲ್ ಮತ್ತು ಕಂಟ್ರೋಲರ್ ನಡುವೆ ಮನೆಗೆ ಹಾಕುವ ಎಂಸಿಬಿ ಹಾಕಿದ್ದೆ. ಒಂದು ದಿನ ಆಫ್ ಮಾಡುವಾಗ ಒಳಗೆ ಚಿರ್ ಎಂದು ಶಬ್ದ ಬಂದು ಕರಗಿ ಹೋಯಿತು. ಯಾಕೆ?
— ಕಾರ್ಕಳದ ಓದುಗರು

ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ಚು ತೆರೆಯುವಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ತಾನಾಗಿ ಸಾಯುತ್ತದೆ. ಪ್ಯಾನೆಲ್, ಬ್ಯಾಟರಿಗಳ ಡಿಸಿ ಕರೆಂಟಿಗೆ ಸೊನ್ನೆಯೇ ಇಲ್ಲ, ಕಿಡಿ ಹಾಗೇ ಉರಿಯುತ್ತದೆ. ಡಿಸಿ ಎಂದು ಬರೆದಿರುವ, ಪ್ಯಾನೆಲಿನ ವೋಲ್ಟೇಜಿಗಿಂತ ಹೆಚ್ಚು ತಾಳುವ ಎಂಸಿಬಿಯೇ ಬೇಕು. ಕೆಲವುದರ ಮೇಲೆ ಪ್ಲಸ್, ಮೈನಸ್ ಗುರುತು ಇರುತ್ತದೆ, ಅದನ್ನು ತಿರುಗುಮುರುಗು ಮಾಡಿದರೂ ಇದೇ ಗತಿ.

ಬ್ಯಾಟರಿ ಕಡೆಯ ಫ್ಯೂಸಿನ ಬಗ್ಗೆ ಇನ್ನೂ ಕಟ್ಟುನಿಟ್ಟು ಬೇಕು. ಲಿಥಿಯಂ ಬ್ಯಾಟರಿಯ ಪ್ಲಸ್ ಮೈನಸ್ ಒಂದಕ್ಕೊಂದು ತಾಗಿದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಮುಖ್ಯ ಫ್ಯೂಸು ಅಷ್ಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಮಾದರಿಯದ್ದಾಗಿರಲಿ, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ. 1000 ವ್ಯಾಟ್ ಇನ್ವರ್ಟರ್ ಪೂರ್ತಿ ಓಡುವಾಗ ಸುಮಾರು 95 ಆಂಪಿಯರ್ ಎಳೆಯುತ್ತದೆ. ಅದಕ್ಕೆ 125 ಆಂಪಿಯರ್ ಫ್ಯೂಸು, 35 ಸ್ಕ್ವೇರ್ ಎಂಎಂ ಕೇಬಲ್, ಉದ್ದ ಒಂದೂವರೆ ಮೀಟರ್ ಮೀರದ ಹಾಗೆ. ಲಗ್ಗನ್ನು ಸುತ್ತಿಗೆಯಿಂದ ಚಚ್ಚಿ ಕೂರಿಸಬೇಡಿ, ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುವವರ ಕೈಲಿ ಒತ್ತಿಸಿ. ಚಚ್ಚಿದ ಲಗ್ಗು ಮೊದಲ ತಿಂಗಳು ಸರಿಯೇ ಇರುತ್ತದೆ. ಮೂರನೇ ತಿಂಗಳಿಗೆ ಒಳಗೆ ತೇವ ಹೋಗಿ, ಬಿಸಿಯಾಗಿ, ಹೊದಿಕೆ ಕಂದುಬಣ್ಣಕ್ಕೆ ತಿರುಗುತ್ತದೆ. ಮಿಕ್ಸಿ ಓಡಿಸಿದ ಕೂಡಲೇ ಎಲ್ಲವನ್ನೂ ಆಫ್ ಮಾಡಿ, ಲಗ್ಗುಗಳನ್ನು ಹೊದಿಕೆಯ ಮೇಲಿನಿಂದ ಮುಟ್ಟಿ ನೋಡಿ. ಒಂದು ಮಾತ್ರ ಬಿಸಿಯಿದ್ದರೆ ತಪ್ಪು ಅಲ್ಲಿಯೇ.

ಜೋಡಿಸುವ ಕ್ರಮ: ಮೊದಲು ಬ್ಯಾಟರಿಯಿಂದ ಕಂಟ್ರೋಲರಿಗೆ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಕೊನೆಗೆ ಬ್ಯಾಟರಿ. ವ್ಯವಸ್ಥೆ 12 ವೋಲ್ಟಿನದೋ 24ರದೋ ಎಂದು ಕಂಟ್ರೋಲರ್ ತಿಳಿದುಕೊಳ್ಳುವುದು ಬ್ಯಾಟರಿ ನೋಡಿಯೇ. ಬ್ಯಾಟರಿ ಇಲ್ಲದೆ ಬಿಸಿಲು ತಾಗಿಸಿದರೆ ಕೆಲವು ಕಂಟ್ರೋಲರುಗಳು ಕೆಟ್ಟೇ ಹೋಗುತ್ತವೆ.

ಕುಚ್ಚಲಕ್ಕಿ ಅನ್ನವನ್ನು ಇಂಡಕ್ಷನ್ನಿನಲ್ಲಿ ಮಾಡಬಹುದಾ? ಗ್ಯಾಸ್ ಇಡಲು ಹೆದರಿಕೆ.
— ಬಂಟ್ವಾಳದ ಓದುಗರು

ಬೆಳ್ತಿಗೆ (ಬಿಳಿ ಅಕ್ಕಿ) ಆಗಿದ್ದರೆ ಯೋಚಿಸಬಹುದಿತ್ತು. ಕುಚ್ಚಲಕ್ಕಿ ಬೇಯಲು ಮುಕ್ಕಾಲರಿಂದ ಒಂದು ಗಂಟೆ ಬೇಕು. ಸರಾಸರಿ 600 ವ್ಯಾಟಿನಂತೆ 50 ನಿಮಿಷಕ್ಕೆ 500, ಇನ್ವರ್ಟರ್ ನಷ್ಟ ಸೇರಿ 550 ವ್ಯಾಟ್-ಅವರ್. ಫ್ರಿಜ್ಜಿನ ಒಂದು ದಿನದ ಊಟವನ್ನು ಅನ್ನ ಒಂದೇ ತಿಂದು ಹಾಕಿತು. ಥರ್ಮಲ್ ಕುಕ್ಕರ್ ಇದ್ದರೆ ಲೆಕ್ಕ ಬದಲಾಗುತ್ತದೆ: 1200 ವ್ಯಾಟಿನಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಸಿ ಪಾತ್ರೆಯನ್ನು ಅದರೊಳಗೆ ಮುಚ್ಚಿಟ್ಟರೆ ಉಳಿದದ್ದು ತನ್ನ ಶಾಖದಲ್ಲೇ ಬೇಯುತ್ತದೆ, ಖರ್ಚು 250ರ ಆಸುಪಾಸು. ಆದರೆ 1200 ವ್ಯಾಟ್ ಎಂದರೆ ಬ್ಯಾಟರಿಯಿಂದ 100 ಆಂಪಿಯರಿಗೂ ಹೆಚ್ಚು. 2000 ವ್ಯಾಟ್ ಇನ್ವರ್ಟರ್, 50 ಸ್ಕ್ವೇರ್ ಎಂಎಂ ಕೇಬಲ್, 200 ಆಂಪಿಯರ್ ತಾಳುವ ಬಿಎಂಎಸ್ ಎಲ್ಲ ಬೇಕಾಗುತ್ತದೆ.

5 ಕಿಲೋ ಸಿಲಿಂಡರ್ ಇಡುವುದಾದರೆ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಟ್ಟು, ಪೆಟ್ಟಿಗೆಯ ತಳದಿಂದ ಗಾಡಿಯ ಹೊರಗೆ ತೂತು ಬಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಸೇರುತ್ತದೆ. ಬ್ಯಾಟರಿ, ಇನ್ವರ್ಟರ್ ಅದೇ ಪೆಟ್ಟಿಗೆಯಲ್ಲಿ ಖಂಡಿತ ಬೇಡ.

ತೆಂಗಿನ ತೋಟದಲ್ಲಿ ನಿಲ್ಲಿಸಿದರೆ ತಂಪು, ಆದರೆ ಚಾರ್ಜ್ ಆಗುವುದಿಲ್ಲ. ಸ್ವಲ್ಪ ನೆರಳು ಬಿದ್ದರೂ ಅಷ್ಟು ಇಳಿಯುತ್ತದಾ?
— ಕುಂದಾಪುರದ ಓದುಗರು

ಇಳಿಯುತ್ತದೆ. ಪ್ಯಾನೆಲಿನ ಸೆಲ್ಲುಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿದವು, ಒಂದರ ಮೇಲೆ ಗರಿಯ ನೆರಳು ಬಿದ್ದರೆ ಆ ಸಾಲೇ ನಿಲ್ಲುತ್ತದೆ. ಒಳಗೆ ಬೈಪಾಸ್ ಡಯೋಡುಗಳು ಇರುವುದರಿಂದ ಇಡೀ ಪ್ಯಾನೆಲ್ ಸಾಯದೆ ಮೂರರಲ್ಲಿ ಒಂದು ಪಾಲು ಹೋಗಬಹುದು. ತೆಂಗಿನ ನೆರಳೋ, ಅಲ್ಲಾಡುತ್ತಾ ಎಲ್ಲ ಸಾಲಿನ ಮೇಲೂ ಗೀಟು ಎಳೆಯುತ್ತದೆ. ನೆರಳಿನಲ್ಲೇ ಹೆಚ್ಚು ನಿಲ್ಲುವವರು ಪ್ಯಾನೆಲುಗಳನ್ನು ಪ್ಯಾರಲಲ್ ಜೋಡಿಸಿದರೆ ಒಂದರ ನೆರಳು ಇನ್ನೊಂದನ್ನು ಎಳೆಯುವುದಿಲ್ಲ. ಮರವಂತೆಯಂಥ ಬಯಲಲ್ಲಿ ನಿಲ್ಲುವವರಿಗೆ ಸೀರೀಸ್ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ) ಒಳ್ಳೆಯದು, ವಯರು ಸಣ್ಣದಾದರೂ ನಡೆಯುತ್ತದೆ. ನೆರಳಿಗಿಂತ ದೊಡ್ಡ ಚಿಂತೆ ಕಾಯಿ ಬೀಳುವುದು. ಒಂದು ತೆಂಗಿನಕಾಯಿಗೆ ಗಾಜು ಪುಡಿ, ಮತ್ತೆ ರಿಪೇರಿ ಇಲ್ಲ.

ಮಾಡಿಗೆ ತೂತು ಕೊರೆದು ಪ್ಯಾನೆಲ್ ಕೂರಿಸಿದ್ದೇವೆ. ಸಿಲಿಕಾನ್ ಬಳಿದರೂ ಮೊದಲ ಮಳೆಗೇ ಸೋರಿತು, ಬೋಲ್ಟು ಸುತ್ತ ತುಕ್ಕು.
— ಮೂಡುಬಿದಿರೆಯ ಓದುಗರು

ಹಚ್ಚುವಾಗ ವಿನೆಗರಿನ ವಾಸನೆ ಬಂದಿತ್ತೇ? ಆ ಬಗೆಯ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಪೂರ್ತಿ ಕೆರೆದು ತೆಗೆಯಿರಿ. ತುಕ್ಕನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿ, ತೂತಿನ ಅಂಚಿಗೂ ಜಿಂಕ್ ಪ್ರೈಮರ್ ಕೊಟ್ಟು ಒಣಗಿಸಿ. ಬ್ರಾಕೆಟ್ಟಿನ ಅಡಿಗೆ ಬ್ಯೂಟೈಲ್ ಟೇಪು, ಸುತ್ತ ಪಾಲಿಯುರೆಥೇನ್ ಸೀಲಂಟ್. ಈ ಕೆಲಸ ಮೇ ಮೊದಲ ವಾರದೊಳಗೆ ಮುಗಿಯಬೇಕು, ಒದ್ದೆ ತಗಡಿಗೆ ಯಾವ ಸೀಲಂಟೂ ಹಿಡಿಯುವುದಿಲ್ಲ. ನಟ್ಟು ಬೋಲ್ಟು ಎಸ್‌ಎಸ್ 316 (ಉಪ್ಪು ತಾಳುವ ಸ್ಟೇನ್‌ಲೆಸ್ ಸ್ಟೀಲ್) ಇರಲಿ. ಅಲ್ಯೂಮಿನಿಯಂ ಫ್ರೇಮು ಕಬ್ಬಿಣಕ್ಕೆ ನೇರ ತಾಗದಂತೆ ನಡುವೆ ರಬ್ಬರ್ ವಾಷರ್ ಹಾಕಿ. ಉಪ್ಪು ನೀರು ಸೇರಿದರೆ ಆ ಎರಡು ಲೋಹಗಳೇ ಸಣ್ಣ ಬ್ಯಾಟರಿಯಂತಾಗಿ ಒಂದು ಕರಗುತ್ತದೆ.

ಗಾಡಿಗೆ ಮೊದಲೇ ಕ್ಯಾರಿಯರ್ ಇದ್ದವರು ತೂತೇ ಕೊರೆಯದೆ ಅದಕ್ಕೇ ಕಟ್ಟಿದರೆ ಇಷ್ಟೆಲ್ಲ ರಗಳೆ ಇಲ್ಲ. ಪ್ಯಾನೆಲಿನ ಅಡಿ ಗಾಳಿಯಾಡಲು ಎರಡು ಬೆರಳಿನಷ್ಟು ಸಂದು ಬಿಡಿ. ವಯರು ಒಳಗೆ ಇಳಿಯುವ ಮೊದಲು ಕೆಳಕ್ಕೆ ಒಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಕಡಲ ಬದಿಯಲ್ಲಿದ್ದರೆ ವಾರಕ್ಕೊಮ್ಮೆ ಬೆಳಗ್ಗೆ ಬಿಸಿಲೇರುವ ಮೊದಲು ಸಿಹಿನೀರಿನಲ್ಲಿ ಒರೆಸಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ.

ಸಂಬಂಧಿಕರ ಮನೆಯಂಗಳದಲ್ಲಿ ನಿಲ್ಲಿಸಿದಾಗ ಅವರ ಪ್ಲಗ್ಗಿನಿಂದ ಚಾರ್ಜ್ ಮಾಡುವುದು ಹೇಗೆ?
— ಉಳ್ಳಾಲದ ಓದುಗರು

ಲಿಥಿಯಂಗೆಂದೇ ಮಾಡಿದ 20 ಆಂಪಿಯರ್ ಚಾರ್ಜರ್ ಸಾಕು, ಮನೆಯ ಕಡೆಯಿಂದ 300 ವ್ಯಾಟಿನಷ್ಟು ಎಳೆಯುತ್ತದೆ, ಒಂದು ರಾತ್ರಿಯಲ್ಲಿ 200 ಆಂಪಿಯರ್-ಅವರ್ ಬ್ಯಾಟರಿ ಬಹುತೇಕ ತುಂಬುತ್ತದೆ. ಮೂರು ಎಳೆಯ, ಅರ್ತ್ ಇರುವ 1.5 ಸ್ಕ್ವೇರ್ ಎಂಎಂ ವಯರು, ಸುರುಳಿ ಪೂರ್ತಿ ಬಿಚ್ಚಿ. ಗಾಡಿಯೊಳಗೆ ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಮಳೆಗೆ ನೆನೆದ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಗಾಡಿಯ ಬಾಗಿಲು ಮುಟ್ಟುವವರ ಜೀವ ಉಳಿಸುವುದು ಅದು.

ಇದೇ ಓದುಗರು ಆರ್‌ಟಿಒ ಬಗ್ಗೆಯೂ ಕೇಳಿದ್ದಾರೆ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸೀಟು ತೆಗೆದು ಮಂಚ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆ ಕಂಪನಿಗೂ ಬರೆದು ತಿಳಿಸಿ.

ಜೂನಿನಿಂದ ಸೆಪ್ಟೆಂಬರ್ ತನಕ ವ್ಯಾನನ್ನು ಶೆಡ್ಡಿನಲ್ಲಿ ನಿಲ್ಲಿಸ್ತೇವೆ. ಬ್ಯಾಟರಿ ಫುಲ್ ಮಾಡಿ ಇಡಬೇಕಾ?
— ಬ್ರಹ್ಮಾವರದ ಓದುಗರು

ಲೆಡ್ ಆಸಿಡ್ ಆದರೆ ಫುಲ್, ಲಿಥಿಯಂ ಆದರೆ ನೂರಕ್ಕೆ 50-60. ಫುಲ್ ಇಟ್ಟು ತಿಂಗಳುಗಟ್ಟಲೆ ಬಿಟ್ಟರೆ ಸೆಲ್ಲಿನ ಆಯುಷ್ಯ ಕಡಿಮೆಯಾಗುತ್ತದೆ. ಖಾಲಿ ಇಟ್ಟರೆ ಬಿಎಂಎಸ್ ತನ್ನ ಸಣ್ಣ ಖರ್ಚಿಗೇ ಹನಿ ಹನಿ ಹೀರಿ, ಸೆಲ್ಲನ್ನು ಏಳಲಾಗದ ಮಟ್ಟಕ್ಕೆ ಇಳಿಸಬಹುದು. ಪ್ಯಾನೆಲಿನ ಡಿಸಿ ಎಂಸಿಬಿ ಆಫ್ ಮಾಡಿ, ಆಮೇಲೆ ಬ್ಯಾಟರಿಯ ಮುಖ್ಯ ಸ್ವಿಚ್ಚು. ತಿಂಗಳಿಗೊಮ್ಮೆ ವೋಲ್ಟೇಜು ನೋಡಿ, 12.9ಕ್ಕಿಂತ ಕೆಳಗಿದ್ದರೆ ಒಂದೆರಡು ಗಂಟೆ ಚಾರ್ಜ್ ಕೊಡಿ. ಫ್ರಿಜ್ಜನ್ನು ಒರೆಸಿ ಬಾಗಿಲಿಗೆ ಬಟ್ಟೆ ಸಿಕ್ಕಿಸಿ ತೆರೆದಿಡಿ, ಇಲ್ಲದಿದ್ದರೆ ಬೂಸಲು.

ಮಳೆಗಾಲದಲ್ಲಿ ಇಲಿಗಳಿಗೆ ಬೆಚ್ಚಗಿನ ಜಾಗ ಬೇಕು, ಮಂಚದಡಿಯ ಬ್ಯಾಟರಿ ಪೆಟ್ಟಿಗೆಯನ್ನೇ ಹುಡುಕಿಕೊಂಡು ಬರುತ್ತವೆ. ವಯರು ಹೋಗುವ ತೂತುಗಳಿಗೆ ಸ್ಟೀಲಿನ ಜಾಲರಿ ಬಡಿಯಿರಿ. ಅಕ್ಟೋಬರಿನಲ್ಲಿ ಸ್ವಿಚ್ಚು ಒತ್ತುವ ಮೊದಲು ಟಾರ್ಚು ಹಿಡಿದು ಪ್ರತಿ ವಯರನ್ನೂ ತುದಿಯಿಂದ ತುದಿಗೆ ನೋಡಿ. ಹಲ್ಲಿನ ಗುರುತು ಕಂಡರೆ ಟೇಪು ಸುತ್ತಿ ಮುಚ್ಚಬೇಡಿ, ಆ ವಯರನ್ನೇ ಬದಲಿಸಿ.